ತುದಿ ಸವೆದ ಚಪ್ಪಲಿ

ಎಲ್ಲರ ಚಪ್ಪಲಿ ಹಿಮ್ಮಡಿಯ ಹತ್ತಿರ ಸವೆಯುತ್ತದಂತೆ. ನನ್ನದು ತುದಿಯಲ್ಲಿ ಸವೆಯುತ್ತದೆ. ಹೆಬ್ಬೆರಳಿನ ಕೆಳಗೆ ರಬ್ಬರು ತೆಳ್ಳಗಾಗಿ, ಕೊನೆಗೊಂದು ದಿನ ತೂತು ಬಿದ್ದು, ಮಳೆನೀರು ಒಳಗೆ ಬಂದಾಗ ಹೊಸದು ತರುವುದು. ಹಿಂದಿನ ಭಾಗ ಆಗಲೂ ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಾದರೂ ಉಂಟು ಅಂತ ಎಪ್ಪತ್ತು ದಾಟಿದರೂ ನನಗೆ ಹೊಳೆದಿರಲಿಲ್ಲ. ಚಪ್ಪಲಿ ಇರುವುದೇ ಸವೆಯಲಿಕ್ಕೆ. ಎಲ್ಲಿ ಸವೆದರೆ ಏನು?

ಏನು ಅಂತ ಕೇಳಿದವಳು ನನ್ನ ಮೊಮ್ಮಗಳು ಸಿಂಧು. ಒಂದು ಸಂಜೆ ಕಾಲೇಜಿನಿಂದ ಬಂದವಳು ಬೆನ್ನಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ಕೂತು, ನನ್ನ ಚಪ್ಪಲಿಯನ್ನು ಮಗುಚಿ ಹಿಡಿದುಕೊಂಡು ಅಕ್ಕಸಾಲಿ ಬಳೆ ನೋಡುವ ಹಾಗೆ ನೋಡುತ್ತಿದ್ದಳು.

"ಅಜ್ಜಿ, ನೀವು ಯಾವಾಗಿನಿಂದ ಹೀಗೆ ನಡೆಯುತ್ತೀರಿ?"

"ಹುಟ್ಟಿದ ಮೇಲೆ ಸ್ವಲ್ಪ ದಿವಸ ಬಿಟ್ಟು."

ಅವಳು ಕೇಳಿದ್ದು ತಮಿಳಿನಲ್ಲಿ, ನಾನು ಹೇಳಿದ್ದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಹೀಗೇ. ಕನ್ನಡ ಅವಳ ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ಅವಳ ಮಾತನ್ನು ನಾನಿಲ್ಲಿ ಕನ್ನಡ ಮಾಡಿಯೇ ಬರೆಯುತ್ತೇನೆ, ಇಲ್ಲದಿದ್ದರೆ ಓದುವ ನಿಮಗೆ ಕಷ್ಟ.

ಅವಳು ಚಪ್ಪಲಿ ಹಿಡಿದು ಕೂರಲಿಕ್ಕೆ ಕಾರಣ ಇತ್ತು. ಅದರ ಹಿಂದಿನ ವಾರ ನಾನು ಮದರಾಸಿನ ಈ ಮಾಂಬಲಂ ಸ್ಟೇಷನ್ನಿನ ಬ್ರಿಡ್ಜಿನ ಮೆಟ್ಟಿಲಿನಲ್ಲಿ ಮುಗ್ಗರಿಸಿ ಬಿದ್ದಿದ್ದೆ. ಮೂಳೆ ಮುರಿಯಲಿಲ್ಲ. ಮಂಡಿ ತರಚಿತು, ಬದನೆಕಾಯಿ ಉರುಳಿ ಹೋಯಿತು, ಹೂ ಮಾರುವವಳು ಎಬ್ಬಿಸಿ ಕೂರಿಸಿ ಸೋಡಾ ಕುಡಿಸಿದಳು. ಇಷ್ಟೇ. ಆದರೆ ನನ್ನ ಮಗ ರಾಘು ಇನ್ಶೂರೆನ್ಸ್ ಕಂಪನಿಯಲ್ಲಿರುವವನು. ಇನ್ನು ಏನೇನು ಆಗಬಹುದು ಅಂತ ಯೋಚಿಸುವುದೇ ಅವನ ಉದ್ಯೋಗ.

"ಇನ್ನು ಒಬ್ಬಳೇ ಹೊರಗೆ ಹೋಗುದು ಬೇಡ ಅಮ್ಮ," ಅಂದ. "ತರಕಾರಿ ಫೋನಿನಲ್ಲಿ ಹೇಳಿದ್ರೆ ಮನೆಗೇ ಬರ್ತದೆ."

"ಫೋನಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡ್ಲಿಕ್ಕೆ ಆಗ್ತದಾ?"

"ಎಳೆಯದೇ ಕಳಿಸ್ತಾರೆ."

"ಅವರ ಅಜ್ಜಿಗೆ ಕಳಿಸ್ತಾರೆ."

ನಾನು ಎಷ್ಟು ಹೇಳಿದರೂ ಅವನು ಬಗ್ಗಲಿಲ್ಲ. ನನಗೆ ಬೇರೆ ಚಟ ಇಲ್ಲ. ಸೀರಿಯಲ್ ನೋಡುವುದಿಲ್ಲ, ಭಜನೆಗೆ ಹೋಗುವುದಿಲ್ಲ, ಅಲ್ಲಿ ಎಲ್ಲರೂ ಸೊಸೆಯಂದಿರ ಮೇಲೆ ದೂರು ಹೇಳುತ್ತಾರೆ. ನನ್ನ ಸೊಸೆ ಬ್ಯಾಂಕಿನಲ್ಲಿ ದುಡಿದು ಬಂದು ಮಲಗುತ್ತಾಳೆ, ಅವಳ ಮೇಲೆ ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಬೆಳಿಗ್ಗೆ ಕಾಫಿ ಕುಡಿದು, ಸ್ಟೇಷನ್ ದಾಟಿ ಆಚೆ ಬದಿಗೆ ಹೋಗಿ, ನಾಲ್ಕು ಜನರ ಹತ್ತಿರ ಜಗಳ ಮಾಡಿ, ತರಕಾರಿ ತರುವುದು: ಇದೊಂದು ನನ್ನದು ಅಂತ ಇದ್ದದ್ದು. ಅದೂ ಹೋಯಿತು. ಬಾಲ್ಕನಿಯಲ್ಲಿ ಕೂತು ಎದುರು ಮನೆಯವರ ಒಗೆದ ಬಟ್ಟೆ ನೋಡಿದೆ. ಒಂದು ವಾರದಲ್ಲಿ ಅವರ ಮನೆಯಲ್ಲಿ ಯಾರ ಬನಿಯನ್ನು ಯಾವುದು ಅಂತ ನನಗೆ ಗೊತ್ತಾಯಿತು. ಇಂಥ ಜ್ಞಾನ ಇಟ್ಟುಕೊಂಡು ಬದುಕುವುದು ಹೇಗೆ?

ಸಿಂಧು ಓದುತ್ತಿದ್ದದ್ದು ಫಿಸಿಯೋಥೆರಪಿ. ಸರ್ಕಾರಿ ಕಾಲೇಜು, ಸರ್ಕಾರಿ ಆಸ್ಪತ್ರೆ. ಸೀಟು ಸಿಕ್ಕಿದಾಗ ನಮ್ಮ ನೆಂಟರಲ್ಲಿ ಸಂತೋಷಪಟ್ಟವರು ಕಡಿಮೆ. "ಕೈಕಾಲು ಒತ್ತುವ ಕೆಲಸಕ್ಕೆ ವರ್ಷಗಟ್ಟಲೆ ಓದಬೇಕಾ?" ಅಂತ ಒಬ್ಬರು ಕೇಳಿದರು. ನಿಜ ಹೇಳಬೇಕೆಂದರೆ ಅದನ್ನು ಮೊದಲು ಕೇಳಿದವಳು ನಾನೇ. ಅವರು ಆಮೇಲೆ ಕೇಳಿದರು. ಸಿಂಧುವಿಗೆ ಸಿಟ್ಟು ಬರಲಿಲ್ಲ. ಈ ರಾಜ್ಯದಲ್ಲಿ ವಯಸ್ಸಾದವರು ಹೆಚ್ಚಾಗುತ್ತಿದ್ದಾರೆ, ಬಿದ್ದವರನ್ನು ಎಬ್ಬಿಸಿ ನಡೆಸುವವರು ಸಾಲುವುದಿಲ್ಲ, ಜಿಲ್ಲೆ ಜಿಲ್ಲೆಯ ಆಸ್ಪತ್ರೆಯಲ್ಲೂ ಕೇಳುತ್ತಿದ್ದಾರೆ, ಅದಕ್ಕೇ ಸರ್ಕಾರ ತನ್ನ ದುಡ್ಡಿನಲ್ಲಿ ನಮಗೆ ಕಲಿಸುತ್ತದೆ ಅಂದಳು.

"ಈ ರಾಜ್ಯಕ್ಕೆ ಸರಿ. ನಮ್ಮ ರಾಜ್ಯಕ್ಕೆ ಎಂತ ಉಪಯೋಗ?" ಅಂದರು ಆ ನೆಂಟರು. ಮದರಾಸಿನಲ್ಲೇ ಹುಟ್ಟಿ, ಮದರಾಸಿನಲ್ಲೇ ರಿಟೈರಾದ ಮನುಷ್ಯ. ಬೇಸಿಗೆಯಲ್ಲಿ ಒಮ್ಮೆ ಕುಂದಾಪುರಕ್ಕೆ ಹೋಗಿ, ಸೆಕೆ ಅಂತ ಬೈದು ಬರುವವರು.

"ನಮ್ಮವರು ಮೂವತ್ತು ವರ್ಷ ಕಾಫಿ ಕೊಟ್ಟದ್ದು ಯಾವ ರಾಜ್ಯಕ್ಕೆ?" ಅಂತ ನಾನು ಕೇಳಿದೆ. ಅವರು ಹಪ್ಪಳ ತಿಂದರು.

ನಮ್ಮವರು ಅಂದರೆ ನನ್ನ ಯಜಮಾನರು. ಈ ಮಾಂಬಲಂನಲ್ಲೇ ನಮ್ಮದೊಂದು ಸಣ್ಣ ಹೋಟೆಲ್ ಇತ್ತು. ಮುಂದೆ ಹೋಟೆಲ್, ಹಿಂದೆ ಮನೆ, ನಡುವೆ ಎರಡಕ್ಕೂ ಸೇರಿ ಒಂದೇ ಅಡುಗೆಮನೆ. ದೊಡ್ಡ ಹೋಟೆಲುಗಳಲ್ಲಿ ಹೆಂಗಸರು ಒಲೆಯ ಹತ್ತಿರ ಬರುವುದಿಲ್ಲ. ನಮ್ಮದು ಅಷ್ಟು ದೊಡ್ಡದಲ್ಲ, ಹಾಗಾಗಿ ನಾನು ಬಂದೆ. ಮದುವೆಯಾಗಿ ಬಸ್ಸಿಳಿದವಳು ಸೀರೆ ಬದಲಿಸಿ ಕಾಯಿ ತುರಿಯಲಿಕ್ಕೆ ಕೂತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇ ಕಾಲೇಜು. ಅಲ್ಲೂ ಕ್ರಮ ಇತ್ತು. ಬಂದವರನ್ನೆಲ್ಲ ಮೊದಲು ತೊಳೆಯಲಿಕ್ಕೆ ಹಾಕುವುದು, ಆಮೇಲೆ ಹೆಚ್ಚಲಿಕ್ಕೆ, ಆಮೇಲೆ ರುಬ್ಬಲಿಕ್ಕೆ. ದೋಸೆಕಲ್ಲಿನ ಮುಂದೆ ನಿಲ್ಲಿಸಿದರು ಅಂದರೆ ಡಿಗ್ರಿ ಆಯಿತು ಅಂತ ಲೆಕ್ಕ. ವಾಸಣ್ಣ ಅಂತ ಒಬ್ಬರು ಇದ್ದರು, ನಮಗೆ ಸಂಬಂಧವೇನೂ ಅಲ್ಲ, ಕೆಲಸಕ್ಕೆ ಬಂದು ಮನೆಯವರೇ ಆದರು. ಕಲ್ಲಿನ ಮುಂದೆ ನಿಂತ ದಿನ ಅವರು ಊರಿಗೆ ಕಾಗದ ಹಾಕಿ ಹೆಣ್ಣು ನೋಡಲಿಕ್ಕೆ ಹೇಳಿದರು. ಪಾಠ ಹೇಳುವ ಭಾಷೆ ಬೈಗುಳ. ನಮ್ಮವರು ಒಳ್ಳೆಯ ಮಾತಿಗೆ ಬಾಯಿ ಬಿಡುವವರಲ್ಲ.

ಒಂದು ಮಾತು ಮಾತ್ರ ದಿನವಿಡೀ ಅವರ ಬಾಯಲ್ಲಿ ಇರುತ್ತಿತ್ತು. ಅಡುಗೆಮನೆಗೆ ಯಾರು ಕಾಲಿಟ್ಟರೂ, ಹಾಲಿನವನೋ, ಗ್ಯಾಸಿನವನೋ, ಸ್ವತಃ ಅವರ ಅತ್ತೆಯೋ, ಕತ್ತೆತ್ತದೆ ಕೂಗುತ್ತಿದ್ದರು: "ನೆಲ ಒದ್ದೆ ಉಂಟು!" ಕಡಪ ಕಲ್ಲಿನ ನೆಲ, ಕಪ್ಪಗೆ ಕನ್ನಡಿಯ ಹಾಗೆ. ಒಣಗಿದ್ದನ್ನು ನಾನು ನೋಡಿಯೇ ಇಲ್ಲ. ಅಕ್ಕಿ ತೊಳೆದ ನೀರು, ಇಡ್ಲಿ ತಟ್ಟೆ ತೊಳೆದ ನೀರು, ಎಲೆ ತೊಳೆದ ನೀರು. ದೊಡ್ಡ ಮಾರ್ಕೆಟ್ಟಿನಿಂದ ಬೆಳಿಗ್ಗೆ ತರಕಾರಿ ಮೂಟೆ ಬಂದರೆ ಅದೂ ಒದ್ದೆಯೇ. ಅತ್ತೆ ಅಂದೆನಲ್ಲ, ನನ್ನ ಅಮ್ಮ, ಒಮ್ಮೆ ಊರಿನಿಂದ ಬಂದವಳು ಆ ಕೂಗನ್ನು ತನಗೆ ಹೇಳಿದ್ದಲ್ಲ ಅಂದುಕೊಂಡು ಗತ್ತಿನಲ್ಲಿ ನಡೆದು, ಜಾರಿ, ಹುಳಿಯ ಹಂಡೆಯ ಪಕ್ಕ ಕೂತೇಬಿಟ್ಟಳು. ಅಳಿಯ ಎಬ್ಬಿಸಲಿಲ್ಲ. "ಹೇಳಿದ್ದೆ," ಅಂದರು, ಅಷ್ಟೇ. ಅಮ್ಮ ಸಾಯುವವರೆಗೂ ಅದನ್ನು ಮರೆಯಲಿಲ್ಲ.

ನಾನು ಹೇಳುತ್ತಿದ್ದದ್ದು ಚಪ್ಪಲಿಯ ವಿಷಯ.

ಚಪ್ಪಲಿ ನೋಡಿದ ಮೇಲೆ ಸಿಂಧು ನನ್ನನ್ನು ಹಜಾರದಲ್ಲಿ ಆಚೆಯಿಂದ ಈಚೆಗೆ ನಡೆಸಿದಳು. ನೆಲದ ಮೇಲೆ ಮಲಗಿ, ಗಲ್ಲ ನೆಲಕ್ಕೆ ತಾಗಿಸಿ, ನನ್ನ ಪಾದ ನೋಡಿದಳು. "ಕಾಲೆ ತೂಕ್ಕಿ ವೈಂಗೋ," ಅಂದಳು. ಕಾಲು ಎತ್ತಿ ಇಡಿ ಅಂತ. "ಎತ್ತಿಯೇ ಇಡ್ತಿದ್ದೇನೆ," ಅಂದೆ. ಇಲ್ಲವಂತೆ. ನಾನು ಪಾದವನ್ನು ನೆಲಕ್ಕೆ ಅಂಟಿಸಿಕೊಂಡು, ಹೆಬ್ಬೆರಳು ಊರಿ, ದೂಡಿಕೊಂಡು ಹೋಗುತ್ತೇನಂತೆ. ಸರ್ರ್, ಸರ್ರ್ ಅಂತ. ಅವಳ ಮುಖ ಸಣ್ಣದಾಯಿತು. ಕಂಡದ್ದನ್ನು ಮುಚ್ಚಿಡುವುದನ್ನು ಕಾಲೇಜಿನಲ್ಲಿ ಇನ್ನೂ ಸರಿಯಾಗಿ ಕಲಿಸಿರಲಿಲ್ಲ ಅಂತ ಕಾಣುತ್ತದೆ, ಮುಖದಲ್ಲಿ ಎಲ್ಲ ಇತ್ತು.

ಆ ಭಾನುವಾರ ನಮ್ಮ ಕಡೆಯವರದೊಂದು ಮದುವೆ, ಹತ್ತಿರದ ಕಲ್ಯಾಣ ಮಂಟಪದಲ್ಲಿ. ಮದರಾಸಿನ ಹೋಟೆಲುಗಳಲ್ಲಿ ದುಡಿದ ನಮ್ಮ ನೆಂಟರೆಲ್ಲ ಸೇರಿದ್ದರು. ಊಟದ ಹೊತ್ತಿಗೆ ಸಿಂಧು ಕಾಣಲಿಲ್ಲ. ನೋಡಿದರೆ, ರೇಷ್ಮೆ ಸೀರೆ ಉಟ್ಟುಕೊಂಡು ಹೊರಗೆ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಿಟ್ಟ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಾಳೆ. ಅಷ್ಟರಲ್ಲಿ ಕೈತೊಳೆಯಲಿಕ್ಕೆ ಬಂದ ವಾಸಣ್ಣ ಕಂಡುಬಿಟ್ಟರು.

"ಹೋಯ್! ಯಾರದು? ಚಪ್ಪಲಿ ಕದೀಲಿಕ್ಕೆ ರೇಷ್ಮೆ ಸೀರೆಯಾ?"

ಸಿಂಧು ಹೆದರದೆ, "ಮಾಮಾ, ನಿಮ್ಮದು ಯಾವುದು?" ಅಂತ ಕೇಳಿದಳು.

"ಈಗ ನಿನ್ನ ಕೈಯಲ್ಲಿ ಉಂಟಲ್ಲ, ಅದೇ. ಪಕ್ಕದಲ್ಲಿ ಹೊಸ ಬಾಟಾ ಇರುವಾಗ ಇದನ್ನು ಹಿಡ್ಕೊಂಡಿದ್ದೀ. ಕದಿಯುವ ವಿದ್ಯೆಯೂ ಸರಿ ಬರುದಿಲ್ಲ ನಿಂಗೆ."

ಮಂಟಪಕ್ಕೆಲ್ಲ ನಗು. ಸಿಂಧು ನಗಲಿಲ್ಲ. ವಾಸಣ್ಣ ಒಳಗೆ ಹೋಗುವುದನ್ನು ಹಿಂದಿನಿಂದ ನೋಡುತ್ತಾ ನಿಂತಳು. ಅವರೂ ಸರ್ರ್, ಸರ್ರ್.

ಮನೆಗೆ ಬಂದವಳೇ ನನ್ನ ಪಕ್ಕ ಕೂತಳು. "ಅಜ್ಜಿ, ಒಂದು ಕೇಳ್ತೇನೆ, ಬೈಬೇಡಿ. ಮದುವೆಗೆ ಮೊದಲೇ ನೀವೂ ತಾತಾನೂ ಸಂಬಂಧಿಕರಾ?"

"ಮದುವೆ ಆದ ಮೇಲೂ ಅಲ್ಲ ಅಂತ ಕೆಲವು ಸಲ ಅನ್ನಿಸ್ತಿತ್ತು. ಎಂತಕ್ಕೆ?"

"ತಾತಾ ಹೇಗೆ ನಡೀತಿದ್ರು?"

"ಎಲ್ಲರ ಹಾಗೆ."

"ಎಲ್ಲರ ಹಾಗೆ ಅಂದರೆ? ನಿಮ್ಮ ಹಾಗಾ?"

ಯೋಚಿಸಿದೆ. ಹೌದು, ನನ್ನ ಹಾಗೇ. ಅವಳು ಕಣ್ಣೊರೆಸಿಕೊಂಡಳು. ಆಗ ಬಿಡಿಸಿ ಹೇಳಿದಳು. ಮೆದುಳಿನಲ್ಲಿ ಏನೋ ಕಡಿಮೆಯಾದರೆ ಮನುಷ್ಯರು ಹೀಗೆ ಕಾಲು ಎಳೆದುಕೊಂಡು ನಡೆಯುತ್ತಾರಂತೆ. ಆಮೇಲೆ ಕೈ ನಡುಗುತ್ತದಂತೆ, ಆಮೇಲೆ ಇನ್ನೂ ಏನೇನೋ. ನನ್ನ ನಡಿಗೆ ಅವಳ ಪುಸ್ತಕದಲ್ಲಿರುವ ಹಾಗೇ ಇದೆಯಂತೆ. ಮದುವೆಮನೆಯಲ್ಲಿ ನೋಡಿದರೆ ನಮ್ಮ ವಯಸ್ಸಾದ ನೆಂಟರದ್ದೆಲ್ಲ ಚಪ್ಪಲಿ ಮುಂದೆಯೇ ಸವೆದಿದೆ. ಇದು ನಮ್ಮ ರಕ್ತದಲ್ಲೇ ಬಂದ ಕಾಯಿಲೆ, ನಾಳೆ ಅಪ್ಪನಿಗೂ ಬರುತ್ತದೆ, ತನಗೂ ಬರುತ್ತದೆ ಅಂತ ಅವಳ ತೀರ್ಮಾನ.

"ವಾಸಣ್ಣ ನಮ್ಮ ರಕ್ತ ಅಲ್ಲವಲ್ಲ?" ಅಂದೆ.

"ಎಲ್ಲೋ ಹಿಂದೆ ಇರಬಹುದು. ನಿಮ್ಮವರಲ್ಲಿ ಕೇಳಿದರೆ ಎಲ್ಲರೂ ಒಂದಲ್ಲ ಒಂದು ಕಡೆ ಭಾವನೇ ಆಗ್ತಾರೆ."

ಅದು ಸುಳ್ಳಲ್ಲ. ಸಾವಿನ ಹೆದರಿಕೆ ನನಗೆ ಅಷ್ಟಿಲ್ಲ. ಆದರೆ ಕೈ ನಡುಗಿದರೆ ಬೇರೆಯವರು ಊಟ ಮಾಡಿಸಬೇಕು. ಆ ರಾತ್ರಿ ಅನ್ನ ಕಲಸುವಾಗ ನನ್ನ ಕೈಯನ್ನು ನಾನೇ ನೋಡಿಕೊಂಡೆ. ರಾಘುವಿಗೆ ವಿಷಯ ಗೊತ್ತಾಗಿ, ಬಾಲ್ಕನಿಗೆ ಹೋಗುವುದಕ್ಕೂ ಜೊತೆಗೆ ಬಂದ. ಇನ್ನು ಮಾರ್ಕೆಟ್ಟಿನ ಮಾತು ಮುಗಿಯಿತು ಅಂತ ಅರ್ಥವಾಯಿತು.

ಸಿಂಧು ತನ್ನ ಕಾಲೇಜಿನ ದೊಡ್ಡ ಮೇಡಂ ಹತ್ತಿರ ನನ್ನನ್ನು ಕರೆದುಕೊಂಡು ಹೋದಳು, ರಾಘುವೂ ರಜೆ ಹಾಕಿ ಬಂದ. ಸರ್ಕಾರಿ ಆಸ್ಪತ್ರೆ, ಉದ್ದ ಬೆಂಚು, ಎಲ್ಲ ಕಡೆ ಕಾಲು. ಕಟ್ಟು ಹಾಕಿದ ಕಾಲು, ಊದಿದ ಕಾಲು, ಇಲ್ಲದ ಕಾಲು. ಅಲ್ಲಿ ಸಿಂಧುವಿನ ಹಾಗಿರುವ ಹುಡುಗಿಯರು, ಹುಡುಗರು ಒಬ್ಬೊಬ್ಬರನ್ನು ಹಿಡಿದು ನಡೆಸುತ್ತಿದ್ದರು. ಒಬ್ಬ ದೊಡ್ಡ ಆಳು, ಲಾರಿ ಓಡಿಸುತ್ತಿದ್ದನಂತೆ, ಎರಡು ಹೆಜ್ಜೆ ಇಟ್ಟು, ಸಣ್ಣ ಹುಡುಗಿಯ ಭುಜ ಹಿಡಿದುಕೊಂಡು, ಬಾಗಿಲ ಕಡೆ ಹೆಂಡತಿಯನ್ನು ಹುಡುಕಿ, "ಪಾತ್ತಿಯಾ?" ಅಂದ. ನೋಡಿದ್ಯಾ ಅಂತ. ಕೈಕಾಲು ಒತ್ತುವ ಕೆಲಸ ಅಂದಿದ್ದೆನಲ್ಲ, ಆ ಮಾತನ್ನು ಅಲ್ಲೇ ಬೆಂಚಿನ ಕೆಳಗೆ ಬಿಟ್ಟು ಬಂದೆ.

ಮೇಡಂ ನನ್ನನ್ನು ನಡೆಸಿದರು, ತಿರುಗಿಸಿದರು, ಬೆರಳಿನಲ್ಲಿ ಮೂಗು ಮುಟ್ಟಿಸಿದರು, ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. ಕೊನೆಗೆ ಮೇಡಂ ಕುರ್ಚಿ ಎಳೆದು ನನ್ನ ಎದುರು ಕೂತರು.

"ಅಮ್ಮಾ, ನೀಂಗ ಎನ್ನ ವೇಲೆ ಪಾತ್ತೀಂಗ?" ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂತ.

ಹೋಟೆಲ್ ಅಂದೆ. ಗಲ್ಲಾದಲ್ಲಿಯಾ ಅಂದರು. ಅಡುಗೆಮನೆಯಲ್ಲಿ ಅಂದೆ. ಎಷ್ಟು ಕಾಲ ಅಂದರು. ಯಜಮಾನರು ಇರುವವರೆಗೆ ಅಂದೆ.

"ಚಪ್ಪಲಿ ಹಾಕಿಕೊಂಡಾ?"

"ಅಡುಗೆಮನೆಯಲ್ಲಿ ಚಪ್ಪಲಿಯಾ!"

"ನೆಲ ಹೇಗಿತ್ತು?"

ಆಗ ನನ್ನ ಬಾಯಿಂದ, ಯಾಕೋ ಗೊತ್ತಿಲ್ಲ, ತಮಿಳು ಬರಲಿಲ್ಲ. "ನೆಲ ಒದ್ದೆ ಉಂಟು," ಅಂದೆ, ಕೂಗಿದ ಹಾಗೆ. ಆಮೇಲೆ ತಮಿಳಿನಲ್ಲಿ ಹೇಳಿದೆ. ಕಾಲು ಎತ್ತಿದರೆ ಜಾರುತ್ತಿತ್ತು. ಕೈಯಲ್ಲಿ ಬಿಸಿ ಹುಳಿಯ ಪಾತ್ರೆ ಇರುವಾಗ ಜಾರಿದರೆ ಕತೆ ಮುಗಿಯಿತು. ಅದಕ್ಕೆ ಎಲ್ಲರೂ ಹಾಗೇ ದೂಡಿಕೊಂಡು ಹೋಗುತ್ತಿದ್ದೆವು. ಯಾರೂ ಕಲಿಸಿದ್ದಲ್ಲ. ಬಿದ್ದು ಕಲಿತದ್ದು. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೇಡಂ ಸಿಂಧುವಿನ ಕಡೆ ತಿರುಗಿದರು. "ಮೀನು ಮಾರ್ಕೆಟ್ಟಿನಲ್ಲಿ ಕೆಲಸ ಮಾಡಿದವರೂ ಹೀಗೇ ನಡೆಯುತ್ತಾರೆ. ನೀನು ಕಾಯಿಲೆ ಹುಡುಕಿದೆ. ಕೆಲಸ ಏನು ಅಂತ ಕೇಳಿದೆಯಾ?"

"ನನ್ನ ಅಜ್ಜಿಯಲ್ವಾ ಮೇಡಂ. ನನಗೆ ಗೊತ್ತಿದೆ ಅಂದುಕೊಂಡೆ."

ಅವಳು ಹುಟ್ಟುವ ಮೊದಲೇ ಹೋಟೆಲ್ ಮುಚ್ಚಿತ್ತು. ಅವಳಿಗೆ ಆ ನೆಲ ಹೇಗೆ ಗೊತ್ತಿರಬೇಕು?

ಕಾಯಿಲೆ ಇಲ್ಲ ಅಂತ ಆಯಿತು. ಆದರೆ ಬಿಡುಗಡೆಯೂ ಆಗಲಿಲ್ಲ. ಕಾಲು ಎಳೆದದ್ದಕ್ಕೇ ಮೆಟ್ಟಿಲು ತಾಗಿ ಬಿದ್ದದ್ದು, ಹೀಗೇ ನಡೆದರೆ ಇನ್ನೊಮ್ಮೆ ಬೀಳುತ್ತೀರಿ, ಆಗ ತೊಡೆಯ ಮೂಳೆ ಹೋಗುತ್ತದೆ ಅಂದರು ಮೇಡಂ. "ಒದ್ದೆ ನೆಲ ಈಗ ಇಲ್ಲ ಅಮ್ಮಾ. ಕಾಲಿಗೆ ಅದನ್ನು ಹೇಳಬೇಕು. ಸಿಂಧು ಸರಿ ಅಂದ ದಿವಸ ಒಬ್ಬರೇ ಹೊರಗೆ ಹೋಗಿ." ರಾಘು ತಲೆ ಆಡಿಸಿದ. ನನ್ನ ಮಾರ್ಕೆಟ್ಟು ಆ ಹುಡುಗಿಯ ಕೈಗೆ ಹೋಯಿತು.

ಕಾಲಿಗೆ ಹೇಳುವುದು ಸುಲಭವಲ್ಲ, ಅದಕ್ಕೆ ಕಿವಿ ಇಲ್ಲ. ಸಿಂಧು ಮೊದಲು ಹಜಾರದ ನೆಲಕ್ಕೆ ಬಣ್ಣದ ಟೇಪು ಅಂಟಿಸಿ, ಅದನ್ನು ದಾಟಿ ಅಂದಳು. ನಾನು ಟೇಪಿನ ಮೇಲೇ ಎಳೆದುಕೊಂಡು ಹೋದೆ, ಅದು ಕಿತ್ತು ಬಂದು ಹೆಬ್ಬೆರಳಿಗೆ ಅಂಟಿತು. ಆಮೇಲೆ ಮರದ ಕೋಲು ಇಟ್ಟಳು. ಒದ್ದುಕೊಂಡು ಹೋದೆ. ಪೊರಕೆ ಇಡಲಿಕ್ಕೆ ಬಂದಳು, ಪೊರಕೆ ದಾಟಬಾರದು ಅಂತ ಬೈದೆ. ನೆನಪಿರುವಾಗ ಎತ್ತುತ್ತಿದ್ದೆ, ಮಾತಾಡಲಿಕ್ಕೆ ಶುರು ಮಾಡಿದರೆ ಸರ್ರ್. ನಾನು ಮಾತಾಡದೆ ನಡೆಯುವವಳಲ್ಲ.

"ಇದು ಆಗುದಿಲ್ಲ ಮಾರಾಯ್ತಿ," ಅಂದೆ. "ನಿನ್ನ ಮೇಡಂಗೆ ಹೇಳು, ಅಜ್ಜಿ ಫೇಲು ಅಂತ."

ಅವಳು ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ನುಗ್ಗೆಕಾಯಿಯ ಕಟ್ಟು. ಉದ್ದುದ್ದ, ಹಸಿರು, ಒಳ್ಳೆ ಕಾಯಿ. ಅದನ್ನು ಬಿಚ್ಚಿ ಒಂದೊಂದಾಗಿ ನೆಲದ ಮೇಲೆ ಅಡ್ಡ ಇಟ್ಟಳು, ಏಣಿಯ ಹಾಗೆ.

"ಏ, ತಿನ್ನುವ ವಸ್ತು! ಕಾಲು ತಾಗ್ತದೆ!"

"ತಾಗಿಸಬೇಡಿ."

ಕೆಟ್ಟ ಹುಡುಗಿ. ಹೆದರಿ ಹೆದರಿ ಕಾಲೆತ್ತಿದೆ. ಮೊದಲನೆಯದು ದಾಟಿತು, ಎರಡನೆಯದು ದಾಟಿತು. ರಾಘುವನ್ನು ಬೈಯುತ್ತಾ ದಾಟಿದೆ, ತರಕಾರಿಯವನನ್ನು ಬೈಯುತ್ತಾ ದಾಟಿದೆ. ಕೊಕ್ಕರೆಯ ಹಾಗೆ ಕಾಣುತ್ತಿದ್ದೆನಂತೆ. ಕಾಣಲಿ. ಅನ್ನದ ಅಗುಳಿಗೆ ಕಾಲು ತಾಗಿದರೆ ಬಗ್ಗಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ನನ್ನ ಕಾಲು ಯಾರ ಮಾತನ್ನು ಕೇಳುತ್ತದೆ ಅಂತ ಅವಳು ಕಂಡುಹಿಡಿದಿದ್ದಳು. ಇದು ಅವಳ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಎದುರು ಕೂತವರು ಯಾರು ಅಂತ ಮೊದಲು ನೋಡು ಎಂದು ಆ ಮೇಡಂ ಹೇಳಿಕೊಟ್ಟದ್ದು ಹೀಗೆ ಉಪಯೋಗಕ್ಕೆ ಬಂತು.

ಎಷ್ಟೋ ದಿವಸ ನುಗ್ಗೆಕಾಯಿ ದಾಟಿದೆ, ಎಷ್ಟೋ ದಿವಸ ಅದರದ್ದೇ ಹುಳಿ ತಿಂದೆವು. ಸೊಸೆ ಒಂದು ರಾತ್ರಿ, "ಅತ್ತೆ, ನಾಳೆ ಸೌತೆಕಾಯಿ ದಾಟಬಹುದಾ?" ಅಂತ ಕೇಳಿದಳು. ಕಾಲು ಎತ್ತುವುದು ಅಭ್ಯಾಸವಾಯಿತು.

ಅಭ್ಯಾಸವಾದ ಮೇಲೆ ಮನೆ ಯಾಕೋ ಬಿಕೋ ಅನ್ನಿಸಿತು. ಫ್ಯಾನು ಕೆಟ್ಟಿದೆಯಾ ಅಂತ ನೋಡಿದೆ, ತಿರುಗುತ್ತಿತ್ತು. ಒಂದೆರಡು ದಿವಸ ಬೇಕಾಯಿತು ತಿಳಿಯಲಿಕ್ಕೆ. ಆ ಸರ್ರ್ ಸರ್ರ್ ನಿಂತುಹೋಗಿತ್ತು. ನಮ್ಮವರು ಇರುವಾಗ ಅವರು ಎಲ್ಲಿದ್ದಾರೆ ಅಂತ ನಾನು ತಿರುಗಿ ನೋಡುತ್ತಿರಲಿಲ್ಲ, ಆ ಶಬ್ದದಲ್ಲೇ ಗೊತ್ತಾಗುತ್ತಿತ್ತು. ಒಲೆ, ಬಾವಿಕಟ್ಟೆ, ಗಲ್ಲಾ. ಸಿಟ್ಟಿದ್ದರೆ ಬೇಗ, ದೋಸೆ ಹಿಟ್ಟು ಚೆನ್ನಾಗಿ ಬಂದಿದ್ದರೆ ನಿಧಾನ. ಅವರು ಹೋದ ಮೇಲೂ ಆ ಶಬ್ದ ಈ ಫ್ಲಾಟಿನಲ್ಲಿ ಇತ್ತು. ಅದು ನನ್ನದೇ ಕಾಲು ಅಂತ ನಾನು ಗಮನಿಸಿರಲಿಲ್ಲ. ಹೋಗಲಿ. ತೊಡೆಯ ಮೂಳೆ ಮುರಿದುಕೊಂಡು ಕೇಳುವಂಥ ಸಂಗೀತ ಅದಲ್ಲ.

ಸಿಂಧು ಸರಿ ಅಂದಳು. ಮರುದಿನ ಬೆಳಿಗ್ಗೆ ಹೊಸ ಚಪ್ಪಲಿ ಹಾಕಿಕೊಂಡು ಒಬ್ಬಳೇ ಹೊರಟೆ. ಬ್ರಿಡ್ಜು ಹತ್ತಿದೆ, ಇಳಿದೆ. ಹೂ ಮಾರುವವಳು, "ಎನ್ನಮ್ಮಾ, ಡಾನ್ಸಾ?" ಅಂದಳು. ಏನಮ್ಮಾ, ಕುಣಿತವಾ ಅಂತ. ಬೆಂಡೆಕಾಯಿಯ ತುದಿ ಮುರಿದೆ, ಜಗಳ ಮಾಡಿದೆ, ಬಂದೆ. ರಾಘು ಬಾಗಿಲಲ್ಲೇ ಪೇಪರ್ ಹಿಡಿದುಕೊಂಡು ನಿಂತಿದ್ದ. ಆಫೀಸಿಗೆ ಹೊತ್ತಾಗಿತ್ತು. ಪೇಪರ್ ನಿನ್ನೆಯದು.

ಈಗ ಸಿಂಧುವಿನ ಓದು ಮುಗಿದಿದೆ. ಕೆಲಸವೂ ಆಯಿತು, ಇಲ್ಲಿಂದ ದೂರದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ. ಅಲ್ಲಿ ಇವಳ ಕೆಲಸಕ್ಕೆ ಇದುವರೆಗೆ ಯಾರೂ ಇರಲಿಲ್ಲವಂತೆ. ಅಷ್ಟು ದೂರ, ಗುರುತಿಲ್ಲದ ಊರು ಅಂತ ರಾಘು ಗೊಣಗಿದ. ಗುರುತಿಲ್ಲದ ಊರಿಗೆ ಬಂದು ಏನಾಗುತ್ತದೆ ಅಂತ ನೋಡಬೇಕಾದರೆ ನನ್ನನ್ನು ನೋಡು ಅಂದೆ.

ಹೊರಡುವ ದಿನ ಬೆಳಿಗ್ಗೆ ನಾನು ಅಡುಗೆಮನೆ ತೊಳೆದು ನೀರು ಬಳಿಯುತ್ತಿದ್ದೆ. ಬೆನ್ನ ಹಿಂದೆ ಸರ್ರ್, ಸರ್ರ್ ಅಂತ ಕೇಳಿತು. ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ತಿರುಗಿದರೆ ಸಿಂಧು, ಬರಿಗಾಲಿನಲ್ಲಿ, ಕೈಯಲ್ಲಿ ತುಂಬಿದ ಕಾಫಿ ಲೋಟ ಹಿಡಿದುಕೊಂಡು, ಹೆಬ್ಬೆರಳು ಊರಿ, ಪಾದ ದೂಡಿಕೊಂಡು ಬರುತ್ತಿದ್ದಾಳೆ.

"ಕಾಲೆ ತೂಕ್ಕಿ ವೈಂಗೋ," ಅಂದೆ, ಅವಳದ್ದೇ ಧಾಟಿಯಲ್ಲಿ.

ಅವಳು ಲೋಟದಿಂದ ಕಣ್ಣು ತೆಗೆಯದೆ, ಕನ್ನಡದಲ್ಲಿ ಹೇಳಿದಳು: "ನೆಲ ಒದ್ದೆ ಉಂಟಲ್ಲ, ಅಜ್ಜಿ."

ನಾನು ಬದಿಗೆ ಸರಿದು ಅವಳಿಗೆ ದಾರಿ ಬಿಟ್ಟೆ. ನೆಲ ಒದ್ದೆಯೇ ಇತ್ತು.